ಮೂರು ದಿನದ ಪ್ರಶ್ನೆ

ಬ್ರ್ಯಾಂಪ್ಟನ್
ಜೂನ್ 2, 2024

ಕೊರಪ್ಪೊಳಕ್ಕನಿಗೆ, ತಮ್ಮ ಚೆನ್ನಯ ಕಾಲುಮುಟ್ಟಿ ಬರೆಯುವುದು.

ನಿಮ್ಮ ಏಪ್ರಿಲಿನ ಕಾಗದ ಸಿಕ್ಕಿತು. ಫೆಬ್ರವರಿಯಿಂದ ನಾನು ಬರೆಯುವುದು ಕಡಿಮೆಯಾಗಿದೆ ಎಂದು ಬೈದಿದ್ದೀರಿ. ಚಳಿಗೆ ನಾಲ್ಕು ದಿನ ಜ್ವರ ಬಂದಿತ್ತು, ಆಮೇಲೆ ಉದಾಸೀನ. ಬೇರೇನೂ ಇಲ್ಲ. ಕಾಗದ ಯಾಕೆ, ಫೋನು ಮಾಡಬಹುದಲ್ಲ ಎನ್ನುತ್ತಾನೆ ಮಗ ಲತೀಶ. ಫೋನಿನಲ್ಲಿ ನೀವು "ಊಟ ಆಯಿತಾ" ಎಂದು ಕೇಳಿ ಇಟ್ಟುಬಿಡುತ್ತೀರಿ. ನಿಮ್ಮ ನಿಜವಾದ ಬೈಗಳು ಸಿಗುವುದು ಕಾಗದದಲ್ಲಿಯೇ.

ಒಂದು ವಿಷಯ ನಿಮಗೆ ಬರೆಯದೆ ಇಟ್ಟಿದ್ದೆ. ಸೊಸೆ ಅಶ್ವಿತಾಳ ಗೋದಾಮಿನ ಕೆಲಸ ಮಾರ್ಚ್ ಒಂದಕ್ಕೆ ಹೋಯಿತು. ಕೈಗೆ ಸ್ಕ್ಯಾನರ್ ಕಟ್ಟಿಕೊಂಡು ಕಪಾಟಿನಿಂದ ಕಪಾಟಿಗೆ ನಡೆದು ಸಾಮಾನು ಆರಿಸುವ ಕೆಲಸ ಅದು. ನಾಲ್ಕು ವರ್ಷ ಹಿಮ ಬೀಳಲಿ, ಬಸ್ಸು ತಪ್ಪಲಿ, ಐದು ನಿಮಿಷ ಮೊದಲೇ ಹೋಗಿ ನಿಂತವಳು. ಕಂಪನಿಯವರು ಜನ ಕಡಿಮೆ ಮಾಡಿದರು ಮಾವ ಎಂದಳು. ನಾನು ನಂಬಿದೆ.

ಈಗ ನೋಡಿದರೆ ಹಾಗಲ್ಲ. ಇಲ್ಲಿ ಕೆಲಸ ಹೋದವರಿಗೆ ಇನ್ನೊಂದು ಸಿಗುವವರೆಗೆ ಸರಕಾರದ ಭತ್ಯೆ ಉಂಟು. ಇ.ಐ. ಎನ್ನುತ್ತಾರೆ. ದುಡಿಯುವಾಗ ಪ್ರತಿ ಸಂಬಳದಲ್ಲಿ ಅದಕ್ಕೆಂದು ಹಿಡಿದುಕೊಂಡಿರುತ್ತಾರೆ. ಅಶ್ವಿತಾ ಅರ್ಜಿ ಹಾಕಿದಳು, ಇಲ್ಲ ಎಂದರು. ಪುನಃ ನೋಡಿ ಎಂದು ಕೇಳಿದಳು, ಪುನಃ ಇಲ್ಲ. ಆ ಉತ್ತರವನ್ನು ಲತೀಶ ನನಗೆ ಕನ್ನಡದಲ್ಲಿ ಹೇಳಿದ. ಮೂರು ದಿನ ಕೆಲಸಕ್ಕೆ ಬರಲಿಲ್ಲ, ಕಾರಣ ಕೇಳಿದರೆ ಕೊಡಲಿಲ್ಲ, ಆದ್ದರಿಂದ ಇದು ದುರ್ನಡತೆ. ಅಕ್ಕ, ಅವಳು ಭತ್ಯೆಯ ಮಾತು ಎತ್ತಲೇ ಇಲ್ಲ. ಆ ಒಂದು ಶಬ್ದದ ಮೇಲೆ ಬೆರಳಿಟ್ಟು, "ಇದು ನನ್ನ ಹೆಸರಿನ ಪಕ್ಕದಲ್ಲಿ ಇರಬಾರದು" ಎಂದಳು. ಮೇಲ್ಮನವಿ ಹಾಕಿದ್ದಾಳೆ.

ನಮ್ಮ ಹಂಚಿನ ಕಾರ್ಖಾನೆ ಮುಚ್ಚಿದ ದಿನ ನೆನಪಿದೆಯಾ? ನೂರಿಪ್ಪತ್ತು ಮಂದಿ ಬುತ್ತಿಪಾತ್ರೆ ಹಿಡಿದುಕೊಂಡು ಸುಮ್ಮನೆ ಮನೆಗೆ ಬಂದೆವು. ಯಾಕೆ ಎಂದು ಒಬ್ಬನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಹುಡುಗಿ ಪರದೇಶದಲ್ಲಿ, ಅವರದೇ ಭಾಷೆಯಲ್ಲಿ ಮೂರನೆಯ ಸಲ ಕೇಳುತ್ತಿದ್ದಾಳೆ.

ವಿಚಾರಣೆ ಟೆಲಿಫೋನಿನಲ್ಲಂತೆ. ತೀರ್ಪು ಕೊಡುವವರು ಎಲ್ಲಿಯೋ, ಕಂಪನಿಯವರು ಎಲ್ಲಿಯೋ, ಇವಳು ಅಡುಗೆಮನೆಯ ಮೇಜಿನಲ್ಲಿ. ಯಾರ ಮುಖವೂ ಯಾರಿಗೂ ಕಾಣುವುದಿಲ್ಲ. ಇದು ತಾಳಮದ್ದಳೆ ಅಲ್ಲದೆ ಮತ್ತೆಂತದು? ಯಕ್ಷಗಾನದ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು, ಮಾತಿನಿಂದಲೇ ಗೆಲುವು. ನಾಲ್ಕನೇ ಕ್ಲಾಸು ಬಿಟ್ಟ ನಾನು ಪ್ರಸಂಗದ ಪುಸ್ತಕ ಬಾಯಿಪಾಠ ಮಾಡಿ ಮೂವತ್ತು ವರ್ಷ ಪಾತ್ರವಾಗಿ ಕೂತು ಅರ್ಥ ಹೇಳಿದವನು. ಅವಳಿಗೆ ನಾನೇ ಅಭ್ಯಾಸ ಮಾಡಿಸುತ್ತೇನೆ ಎಂದಿದ್ದೇನೆ.

ನನ್ನದೂ ಒಂದು ಸುದ್ದಿ. ಅಕ್ಟೋಬರಿನಲ್ಲಿ ರಿಚ್ಮಂಡ್ ಹಿಲ್‌ನಲ್ಲಿ ನಮ್ಮ ಊರಿನವರ ಸಂಘದ ತಾಳಮದ್ದಳೆ. ಮುಖ್ಯ ಪಾತ್ರದ ಅರ್ಥ ನನಗೆ ಕೊಟ್ಟಿದ್ದಾರೆ. ಪಾತ್ರ ಹಂಚುವವನು ಸಂಘದ ಕಾರ್ಯದರ್ಶಿ ರಘುನಾಥ, ಪುತ್ತೂರಿನವ. ಅಶ್ವಿತಾಳ ಗೋದಾಮಿನಲ್ಲಿ ಸೂಪರ್‌ವೈಸರ್ ಕೂಡ ಅವನೇ. ಏನು ಮಾಡುವುದು, ಊರು ಬಿಟ್ಟರೂ ಊರಿನವರು ಬಿಡುವುದಿಲ್ಲ.

ನಿಮ್ಮ
ಚೆನ್ನಯ

*

ಕಿನ್ನಿಗೋಳಿ
ಜೂನ್ 27, 2024

ಚೆನ್ನಯನಿಗೆ ಅಕ್ಕನ ಆಶೀರ್ವಾದ.

ಕಾಗದ ಓದಿದೆ. ಸೊಸೆಯನ್ನು ಹೊಗಳಿದ್ದು ಅರ್ಧ, ತಾಳಮದ್ದಳೆಯನ್ನು ಹೊಗಳಿದ್ದು ಅರ್ಧ. ಕೇಳಬೇಕಾದ್ದನ್ನು ನೀನು ಕೇಳಿಯೇ ಇಲ್ಲ.

ಮೂರು ದಿನ ಅವಳು ಎಲ್ಲಿಗೆ ಹೋಗಿದ್ದಳು?

ನಾನು ಬೀಡಿ ಸುತ್ತುತ್ತಿದ್ದ ಕಾಲದಲ್ಲಿ ಒಂದು ದಿನ ಎಲೆ ತರಲು ಹೋಗದಿದ್ದರೆ ಮರುದಿನ ಕಾರಣ ಊರಿಗೆಲ್ಲ ಗೊತ್ತಿರುತ್ತಿತ್ತು. ನೀನು ಒಂದೇ ಮನೆಯಲ್ಲಿ ಇದ್ದೀ. ನಿನಗೆ ಗೊತ್ತಿಲ್ಲವಾ? ಲತೀಶ ಲಾರಿ ಹತ್ತಿದರೆ ಹತ್ತು ದಿನ ಮನೆಗೆ ಬರುವುದಿಲ್ಲ, ಅವನನ್ನು ಬಿಡು. ನಾನು ನೋಡಿದ್ದ ಹುಡುಗಿಯನ್ನು ಬೇಡವೆಂದು ಅವನು ಅಲ್ಲಿಯ ಕಾಲೇಜಿಗೆ ಬಂದಿದ್ದ ಇವಳನ್ನು ಕಟ್ಟಿಕೊಂಡಾಗ ನಾನು ಏನೂ ಹೇಳಲಿಲ್ಲ. ಈಗಲೂ ಹೇಳುವುದಿಲ್ಲ. ಆದರೆ ನಿಜ ಇದ್ದವಳಿಗೆ ಅಭ್ಯಾಸ ಯಾಕೆ ಬೇಕು?

ಗೆರೆ ಇರುವ ಹಾಳೆ ಹನ್ನೆರಡು ಇಟ್ಟಿದ್ದೇನೆ. ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು. ಇನ್ನು ಅದರಲ್ಲೇ ಬರೆ.

ಅಕ್ಕ

*

ಬ್ರ್ಯಾಂಪ್ಟನ್
ಜುಲೈ 21, 2024

ಅಕ್ಕನಿಗೆ ಚೆನ್ನಯನ ನಮಸ್ಕಾರ.

ಗೆರೆ ಹಾಳೆ ಸಿಕ್ಕಿತು. ನಾನೇನು ಒಂದನೇ ಕ್ಲಾಸಾ ಅಕ್ಕ? ಹಾಳಾಗಬಾರದೆಂದು ಬರೆಯುತ್ತಿದ್ದೇನೆ, ಅಷ್ಟೆ.

ನಿಮ್ಮ ಪ್ರಶ್ನೆ ಆಮೇಲೆ. ಮೊದಲು ಅವಳ ತಯಾರಿ ಕೇಳಿ. ಮೇಲ್ಮನವಿಯ ಕಡತ ಅಂಚೆಯಲ್ಲಿ ಬಂತು, ತೊಂಬತ್ತಾರು ಪುಟ. ಪ್ರತಿ ಪುಟಕ್ಕೂ ಹಳದಿ ಚೀಟಿ ಅಂಟಿಸಿದ್ದಾಳೆ. ಅರ್ಥವಾಗದ್ದನ್ನು ಕೇಳಲು ಅವರ ಕಚೇರಿಗೆ ಫೋನು ಮಾಡಿ, ಮುಕ್ಕಾಲು ಗಂಟೆ ಆ ಕಡೆಯ ಸಂಗೀತ ಕೇಳುತ್ತಾ ನೀರುದೋಸೆ ಹೊಯ್ದಳು. ಮನುಷ್ಯ ಸಿಕ್ಕಿದ ಕೂಡಲೇ ಕಾವಲಿ ಕೆಳಗಿಟ್ಟು, ಸಮಾಧಾನದಿಂದ ಕೇಳಿ, ಅವನ ಹೆಸರು ಬರೆದುಕೊಂಡು, ಥ್ಯಾಂಕ್ಸ್ ಹೇಳಿ, ಪುನಃ ದೋಸೆ. ನಾನಾಗಿದ್ದರೆ ಅರ್ಧದಲ್ಲಿ ಬೈದು ಇಡುತ್ತಿದ್ದೆ. ವಿಚಾರಣೆ ಸೆಪ್ಟೆಂಬರ್ 24, ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಬಟ್ಟೆ ಒಗೆಯುವ ಮಿಷನಿನ ಮೇಲೆ ಈಗಲೇ ಕನ್ನಡದಲ್ಲಿ ಚೀಟಿ ಅಂಟಿಸಿದ್ದಾಳೆ, "ಆ ದಿನ ಮುಟ್ಟಬಾರದು." ಮನೆಯಲ್ಲಿ ಕನ್ನಡದ ಚೀಟಿ ಯಾರಿಗೆ ಎಂದು ನಿಮಗೆ ಗೊತ್ತಾಗುತ್ತದೆ.

ಅಭ್ಯಾಸ ರಾತ್ರಿ ಊಟಕ್ಕೆ ಮೊದಲು. ಮುಖ ಕಾಣಬಾರದೆಂದು ಅವಳು ಗೋಡೆಗೆ ತಿರುಗಿ ಕೂರುತ್ತಾಳೆ, ನಾನು ಸೋಫಾದಲ್ಲಿ. ನಾನು ಕಂಪನಿಯ ಪಾತ್ರ. ಮೊದಲ ದಿನ ಪೀಠಿಕೆಯನ್ನೇ ಕಾಲು ಗಂಟೆ ಹೇಳಿದೆ. ಅನ್ನದಾತನಾದ ಒಡೆಯ, ಅವನ ನಂಬಿಕೆ, ಆ ನಂಬಿಕೆಗೆ ಬಿದ್ದ ಪೆಟ್ಟು. ಅವಳು ತಿರುಗಿ, "ಮಾವ, ಕಂಪನಿಯವ್ರು ಇಷ್ಟು ಚಂದ ಮಾತಾಡಿದ್ರೆ ನಾನೇ ಅವರ ಸೈಡಿಗೆ ಹೋಗ್ತೇನೆ" ಎಂದಳು. ನಗಾಡಿ ಸುಸ್ತಾಯಿತು.

ಆಮೇಲೆ ಅವಳೇ ನನಗೆ ಕಲಿಸಿದಳು. ಇಲ್ಲಿ ಉಪಮೆ ನಡೆಯುವುದಿಲ್ಲವಂತೆ. ಕೇಳಿದ್ದಕ್ಕೆ ಮಾತ್ರ ಉತ್ತರ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ, ಪುಟದ ನಂಬರು ಹೇಳಿ ನಿಲ್ಲಿಸುವುದು. ನಲವತ್ತೊಂದನೇ ಪುಟದಲ್ಲಿ ಅವಳ ನಾಲ್ಕು ವರ್ಷದ ಹಾಜರಿ ಉಂಟು, ಅದನ್ನು ಅವಳು ಹೇಳುವ ರೀತಿ ಕೇಳಬೇಕು. ಒಂದು ಶಬ್ದ ಹೆಚ್ಚಿಲ್ಲ. ನನ್ನ ಮೂವತ್ತು ವರ್ಷದ ಅರ್ಥಗಾರಿಕೆ ನಾಚಬೇಕು.

ಆದರೆ ಒಂದು ಕಡೆ ಬಂದು ನಿಲ್ಲುತ್ತಾಳೆ. "ಮೂರು ದಿನ ಯಾಕೆ ಬರಲಿಲ್ಲ? ಕಾರಣ ಯಾಕೆ ಹೇಳಲಿಲ್ಲ?" ಎಂದು ನಾನು ಕೇಳಿದರೆ ಮಾತಿಲ್ಲ. ಹತ್ತು ಸಲ ಕೇಳಿದ್ದೇನೆ, ಹತ್ತು ಸಲವೂ ಇಲ್ಲ. ಶುರುವಿನಲ್ಲಿ ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸುತ್ತಾರಂತೆ, ಅದನ್ನು ಅಭ್ಯಾಸ ಮಾಡುವುದೇ ಬೇಡ ಎನ್ನುತ್ತಾಳೆ. ಮೊನ್ನೆ ಲತೀಶ ಮನೆಯಲ್ಲಿದ್ದ, ಊಟದ ಹೊತ್ತಿಗೆ ಅವನನ್ನು ತೀರ್ಪುಗಾರ ಮಾಡಿದೆವು. ಅವನಿಗೆ ಅವಳು ಹೇಳಿದ್ದು ತನಗೆ ಹುಷಾರಿರಲಿಲ್ಲ ಎಂದು. "ಹಾಗಾದ್ರೆ ಡಾಕ್ಟರ ಚೀಟಿ ಎಲ್ಲಿ?" ಎಂದು ಅವನು ಕೇಳಿದ. ಅವಳು ಲೋಟಕ್ಕೆ ನೀರು ಹೊಯ್ದಳು. ಅವನು ಬಟ್ಟಲಿನಿಂದ ಕೈ ತೆಗೆದು, "ಅವರಿಗೆ ಬೇಡ. ನನಗಾದ್ರೂ ಹೇಳು, ಎಲ್ಲಿದ್ದೆ?" ಎಂದ. ಆಟ ಅಲ್ಲಿಗೆ ಮುಗಿಯಿತು. ಅವಳು ಎದ್ದು ಪಾತ್ರೆ ತೊಳೆಯಲು ಹೋದಳು.

ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ, ಮಾತು ನಿಂತರೆ ಅರ್ಥಧಾರಿ ಸೋತ ಹಾಗೆ ಎಂದು. ನಲ್ಲಿ ನಿಲ್ಲಿಸದೆ ಉತ್ತರ ಕೊಟ್ಟಳು, "ಹಾಗಾದ್ರೆ ಸೋತೆ ಮಾವ."

ಅಕ್ಕ, ನಿಮ್ಮ ಪ್ರಶ್ನೆಯನ್ನು ನಾನು ಹೇಗೆ ಕೇಳಲಿ?

ಚೆನ್ನಯ

*

ಕಿನ್ನಿಗೋಳಿ
ಆಗಸ್ಟ್ 14, 2024

ಚೆನ್ನಯ,

ಅವಳನ್ನು ಕೇಳಬೇಡ. ಕಡತವನ್ನು ಕೇಳು. ಅದರಲ್ಲಿ ತಾರೀಕು ಇರುತ್ತದೆ. ಇಂಗ್ಲಿಷ್ ಬರುವುದಿಲ್ಲ ಎಂದು ನೆವ ಹೇಳಬೇಡ, ಅಂಕೆ ಓದಲು ಇಂಗ್ಲಿಷ್ ಬೇಕಾಗಿಲ್ಲ.

ನಿನ್ನ ಕಾಗದವನ್ನು ಎರಡು ಸಲ ಓದಿದೆ. ತನ್ನ ತಪ್ಪು ಮುಚ್ಚಿಡುವವಳು ಹತ್ತು ಕಾರಣ ಹೇಳುತ್ತಾಳೆ. ಬೇರೆಯವರ ಮಾತು ಮುಚ್ಚಿಡುವವಳು ಪಾತ್ರೆ ತೊಳೆಯುತ್ತಾಳೆ. ಇಷ್ಟೇ ನನಗೆ ಗೊತ್ತಿರುವುದು.

ಜೂನಿನ ಕಾಗದದಲ್ಲಿ, ನಿಜ ಇದ್ದವಳಿಗೆ ಅಭ್ಯಾಸ ಯಾಕೆ ಎಂಬ ಸಾಲನ್ನು ನಾನು ಬರೆಯಬಾರದಿತ್ತು.

ಅಕ್ಕ

*

ಬ್ರ್ಯಾಂಪ್ಟನ್
ಸೆಪ್ಟೆಂಬರ್ 8, 2024

ಅಕ್ಕ,

ಈ ಕಾಗದ ನಿಮಗೆ ಸಿಗುವಾಗ ವಿಚಾರಣೆ ಮುಗಿದಿರುತ್ತದೆ. ಆದರೂ ಇದನ್ನು ಮೊದಲೇ ಬರೆಯಬೇಕು.

ನಿನ್ನೆ ಅಶ್ವಿತಾ ಅಂಗಡಿಗೆ ಹೋದಾಗ ಕಡತ ತೆಗೆದೆ. ಮೂವತ್ತೆಂಟನೇ ಪುಟ. ಫೆಬ್ರವರಿ 13, 14, 15.

ನನಗೆ ಜ್ವರ ಬಂದಿರಲಿಲ್ಲ ಅಕ್ಕ. ಫೆಬ್ರವರಿ 13, ಮಂಗಳವಾರ, ಮಧ್ಯಾಹ್ನ ಗಂಜಿ ಉಣ್ಣುತ್ತಿದ್ದೆ. ಕೈಯಿಂದ ಚಮಚ ಜಾರಿತು. ಎತ್ತಲು ಹೋದರೆ ಬಲಗೈ ನನ್ನದಲ್ಲ. ಅಶ್ವಿತಾಳನ್ನು ಕರೆದೆ. ಬಾಯಿಂದ ಅವಳ ಹೆಸರು ಬರಲಿಲ್ಲ, ಏನೋ ಒಂದು ಸ್ವರ ಬಂತು. ಅವಳು ಶಿಫ್ಟಿಗೆ ಹೊರಟು ಬೂಟು ಹಾಕುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಆ್ಯಂಬುಲೆನ್ಸ್ ಕರೆದಳು. ಮಿದುಳಿನಲ್ಲಿ ರಕ್ತ ಕಟ್ಟಿದ್ದಂತೆ, ಬೇಗ ಬಂದದ್ದರಿಂದ ಉಳಿದೆನಂತೆ. ಮೂರು ದಿನ ಆಸ್ಪತ್ರೆಯಲ್ಲಿದ್ದೆ. ಅವಳು ಕುರ್ಚಿಯಲ್ಲಿಯೇ ಮಲಗಿದಳು. ಲತೀಶನ ಲಾರಿ ಆಗ ಕ್ಯಾಲ್ಗರಿ ದಾರಿಯಲ್ಲಿತ್ತು.

ಸಾಯಂಕಾಲ ಮಾತು ತಿರುಗಿ ಬಂತು. ಬಂದ ಮಾತಿನಲ್ಲಿ ನಾನು ಮೊದಲು ಮಾಡಿದ್ದೇನು ಗೊತ್ತಾ? ಅವಳ ಕೈ ಹಿಡಿದು ಆಣೆ ಹಾಕಿಸಿದೆ. ನಮ್ಮ ಮನೆಯ ದೈವ ಜುಮಾದಿಯ ಆಣೆ, ಇದನ್ನು ಯಾರಿಗೂ ಹೇಳಬಾರದು. ಲತೀಶನಿಗೆ ಹೇಳಿದರೆ ಅವನು ಲಾರಿ ಬಿಟ್ಟು ಮನೆಯಲ್ಲಿ ಕೂರುತ್ತಾನೆ ಎಂದೆ. ಅಕ್ಕನಿಗೆ ಗೊತ್ತಾದರೆ ಹೆದರುತ್ತಾರೆ ಎಂದೆ. ಅದೆಲ್ಲ ನೆವ. ನಿಜ ಬೇರೆ. ಬಾಯಿ ವಾರೆಯಾದವನಿಗೆ ಸಂಘದವರು ಅರ್ಥ ಕೊಡುವುದಿಲ್ಲ. ಇಲ್ಲಿ ಎಂಟು ವರ್ಷ ಚಿಕ್ಕ ಚಿಕ್ಕ ಪಾತ್ರ ಹೇಳಿ ಕಾದಿದ್ದೆ. ಅವಳು "ಆಯ್ತು ಮಾವ, ಜುಮಾದಿ ಆಣೆ" ಎಂದಳು. ಕೆಲಸಕ್ಕೆ ರಜೆ ಹಾಕಿದ್ದೇನೆ ಎಂದಳು. ನಾನು ಮತ್ತೆ ಕೇಳಲೇ ಇಲ್ಲ, ಕಂಪನಿಯವರು ಹೇಳುವ ಮೂರು ದಿನ ಬೇರೆ ಯಾವುದೋ ಎಂದೇ ತಿಳಿದಿದ್ದೆ.

ಅವಳು ಹಾಕಿದ್ದು ಒಂದೇ ಸಾಲಿನ ಮೆಸೇಜು, "ಮನೆಯಲ್ಲಿ ತೊಂದರೆ, ಬರಲು ಆಗುವುದಿಲ್ಲ" ಎಂದು. ರಘುನಾಥ ಆಮೇಲೆ ಮೂರು ಸಲ ಕೇಳಿದ್ದಾನೆ, ಡಾಕ್ಟರದ್ದೋ ಯಾರದ್ದೋ ಒಂದು ಹಾಳೆ ಕೊಟ್ಟರೆ ಸಾಕು, ಎಲ್ಲ ಸರಿಮಾಡುತ್ತೇನೆ ಎಂದು. ಅದೂ ಕಡತದಲ್ಲಿ ಉಂಟು, ಅಶ್ವಿತಾ ಆಮೇಲೆ ನನಗೆ ಓದಿ ಹೇಳಿದಳು. ಅವನ ತಪ್ಪಿಲ್ಲ, ಕಂಪನಿಯ ನಿಯಮ ಹಾಗೆ. ಆಸ್ಪತ್ರೆಯ ಹಾಳೆ ಅವಳ ಕೈಯಲ್ಲೇ ಇತ್ತು. ಅದರ ಮೇಲೆ ನನ್ನ ಹೆಸರು. ಕೊಡುವುದು ಯಾರಿಗೆ? ಪಾತ್ರ ಹಂಚುವ ರಘುನಾಥನಿಗೇ. ಕೊಡಲಿಲ್ಲ. ಅದರ ಬದಲಿಗೆ ಕೆಲಸವನ್ನೇ ಕೊಟ್ಟಳು, ದುರ್ನಡತೆ ಎಂಬ ಹೆಸರು ತೆಗೆದುಕೊಂಡಳು, ಗಂಡನ ಸಂಶಯ ತೆಗೆದುಕೊಂಡಳು. ಮತ್ತೆ ಪ್ರತಿ ರಾತ್ರಿ ನನ್ನೆದುರು ಕೂತು, ಯಾಕೆ ಹೇಳಲಿಲ್ಲ ಎಂದು ನಾನೇ ಕೇಳುವುದನ್ನು ಕೇಳಿಸಿಕೊಂಡಳು. ಅರ್ಥಧಾರಿ ನಾನಂತೆ.

ಅವಳು ಅಂಗಡಿಯಿಂದ ಬಂದಾಗ ಪುಟ ಬಿಡಿಸಿಕೊಂಡೇ ಕೂತಿದ್ದೆ. ಚೀಲ ಕೆಳಗಿಟ್ಟು ನೋಡಿದಳು.

"ಆಣೆ ಹಾಕಿಸಿದವ ಮಾತ್ರ ಬಿಡಿಸಬೇಕಂತೆ ಮಾವ. ನನ್ನಮ್ಮ ಹೇಳಿದ್ದು. ನೀವೇ ಕೇಳ್ತೀರಿ ಅಂತ ಕಾದೆ."

"ಕೇಳದಿದ್ದರೆ?"

"ಸೋಲ್ತಿದ್ದೆ. ಅದಕ್ಕೂ ಪ್ರಾಕ್ಟೀಸ್ ಮಾಡಿದ್ದೆ."

ದೇವರ ಫೋಟೋದ ಎದುರು ಕೈಮುಗಿದು ಆಣೆ ಬಿಡಿಸಿದೆ. ಸಾಯಂಕಾಲ ಲತೀಶ ಬಂದ, ಅವನಿಗೂ ಹೇಳಿದೆ. ಅವನು ಸೀದಾ ಅಡುಗೆಮನೆಗೆ ಹೋಗಿ ಅವಳ ಪಕ್ಕದಲ್ಲಿ ನಿಂತು ಪಾತ್ರೆ ಒರೆಸಿದ, ಒರೆಸಿದ ಪಾತ್ರೆಯನ್ನೇ ಪುನಃ ಒರೆಸಿದ.

ಈ ಲಕೋಟೆಯಲ್ಲಿ ಹಳದಿ ಬಟ್ಟೆಯಲ್ಲಿ ಕಟ್ಟಿದ ಮುಡಿಪು ಉಂಟು. ಒಳಗೆ ಒಂದು ಡಾಲರಿನ ನಾಣ್ಯ. ಜುಮಾದಿಯ ಸ್ಥಾನದಲ್ಲಿ ಇಟ್ಟು, ತಪ್ಪು ಚೆನ್ನಯನದ್ದು, ಹುಡುಗಿಯದ್ದಲ್ಲ ಎಂದು ನನ್ನ ಪರವಾಗಿ ಹೇಳಿಬಿಡಿ. 24ಕ್ಕೆ ನಾನೂ ಸಾಕ್ಷಿ ಹೇಳುತ್ತೇನೆ. ಕನ್ನಡ ದುಭಾಷಿ ಬೇಕೆಂದು ಅಶ್ವಿತಾ ಬರೆದು ಹಾಕಿದ್ದಾಳೆ, ಆಸ್ಪತ್ರೆಯ ಹಾಳೆಯನ್ನೂ ಕಳಿಸಿದ್ದಾಳೆ.

ನಿಮ್ಮಿಂದ ಮುಚ್ಚಿಟ್ಟದ್ದಕ್ಕೆ ಕ್ಷಮಿಸಿ.

ಚೆನ್ನಯ

*

ಬ್ರ್ಯಾಂಪ್ಟನ್
ಸೆಪ್ಟೆಂಬರ್ 25, 2024

ಅಕ್ಕನಿಗೆ,

ನಿನ್ನೆ ಮುಗಿಯಿತು. ತೀರ್ಪು ಬರೆದು ಕಳಿಸುತ್ತಾರೆ, ಕೆಲವು ವಾರವಾಗಬಹುದು.

ಸಾಕ್ಷಿ ಹೇಳುವವನು ಉಳಿದವರ ಮಾತು ಕೇಳಬಾರದಂತೆ. ನನ್ನನ್ನು ಬಟ್ಟೆ ಒಗೆಯುವ ಕೋಣೆಯಲ್ಲಿ ಕೂರಿಸಿದ್ದರು, ಮುಟ್ಟಬಾರದೆಂಬ ಮಿಷನಿನ ಎದುರಿಗೇ. ಮುಕ್ಕಾಲು ಗಂಟೆಯ ಮೇಲೆ ಅಶ್ವಿತಾ ಬಾಗಿಲು ತೆರೆದು ಕರೆದಳು. ಹೋಗಿ ಮೇಜಿನಲ್ಲಿ ಕೂತೆ. ನಡುವೆ ಅವಳ ಫೋನು, ಸ್ಪೀಕರಿನಲ್ಲಿ.

ತೀರ್ಪುಗಾರರು ಹೆಂಗಸು, ಮೆದು ಸ್ವರ. ಲೈನಿನಲ್ಲಿ ಯಾರ್ಯಾರು ಇದ್ದಾರೆ ಎಂದು ಹೇಳಿದರು. ಕಂಪನಿಯ ಪರವಾಗಿ ರಘುನಾಥ. ಅವನೇ ಬರುತ್ತಾನೆಂದು ನನಗೆ ಗೊತ್ತಿರಲಿಲ್ಲ ಅಕ್ಕ. ಅಶ್ವಿತಾಳಿಗೆ ಗೊತ್ತಿತ್ತು. ನನ್ನ ಮುಖ ನೋಡಿ, ಬೇಡದಿದ್ದರೆ ಬೇಡ ಮಾವ ಎಂಬ ಹಾಗೆ ಮೆಲ್ಲಗೆ ತಲೆ ಆಡಿಸಿದಳು. ಅಷ್ಟು ಹೊತ್ತಿನಲ್ಲಿಯೂ ನನಗೊಂದು ದಾರಿ ಬಿಟ್ಟುಕೊಟ್ಟಳು.

ಪ್ರಮಾಣ ಮಾಡಿದೆ. ಶುರು ಮಾಡಿದೆ. ರೂಢಿಯಲ್ಲವಾ, ಬಾಳೆಂಬ ಕಡಲಿನಲ್ಲಿ ಮಾತೇ ದೋಣಿಯಾಗಿದ್ದವನು ನಾನು ಎಂದು ಏನೋ ಎತ್ತಿದೆ. ದುಭಾಷಿ ಧಾರವಾಡದ ಕಡೆಯ ಹೆಣ್ಣುಮಗಳು. "ಅಜ್ಜಾರ, ಸಣ್ಣ ಸಣ್ಣ ಮಾತಿನ್ಯಾಗ ಹೇಳ್ರಿ. ಇಲ್ಲಾಂದ್ರ ನಿಮ್ಮ ದೋಣಿ ನನ್ನ ಕೈಯಾಗ ಮುಳಗತೈತಿ" ಎಂದಳು. ಅಶ್ವಿತಾ ಸೆರಗಿಲ್ಲದ್ದಕ್ಕೆ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಗು ತಡೆದಳು.

ಆಮೇಲೆ ಸಣ್ಣದಾಗಿ ಹೇಳಿದೆ. ಫೆಬ್ರವರಿ 13ಕ್ಕೆ ನನ್ನ ಕೈ ಬಿದ್ದುಹೋಯಿತು. ಮಾತು ನಿಂತಿತು. ಸೊಸೆ ನನ್ನನ್ನು ಉಳಿಸಿದಳು. ಯಾರಿಗೂ ಹೇಳಬಾರದೆಂದು ನಾನು ದೈವದ ಆಣೆ ಹಾಕಿಸಿದೆ. ಅವಳು ಹೇಳಲಿಲ್ಲ. ಯಾಕೆ ಹಾಕಿಸಿದಿರಿ ಎಂದು ಅವರು ಕೇಳಿದರು. ತಾಳಮದ್ದಳೆಯ ಪಾತ್ರ ಕೈತಪ್ಪುತ್ತದೆ ಎಂದು, ಎಂದೆ. ದುಭಾಷಿ ತಾಳಮದ್ದಳೆಯನ್ನು ಇಂಗ್ಲಿಷಿನಲ್ಲಿ ಹೇಳಲು ತುಂಬ ಹೊತ್ತು ತೆಗೆದುಕೊಂಡಳು. ಆಣೆ ಮುರಿದಿದ್ದರೆ ಏನಾಗುತ್ತಿತ್ತು ಎಂದು ತೀರ್ಪುಗಾರರು ಕೇಳಿದರು. ಅವಳಿಗೆ ಕೆಲಸ ಉಳಿಯುತ್ತಿತ್ತು, ನನಗೆ ಅವಳ ಮೇಲಿನ ನಂಬಿಕೆ ಹೋಗುತ್ತಿತ್ತು, ಅವಳು ಎರಡನ್ನೂ ತೂಗಿ ನೋಡಿದಳು ಎಂದೆ. ಅದು ಉಪಮೆ ಅಲ್ಲ ಎಂದುಕೊಂಡಿದ್ದೇನೆ.

ಕಂಪನಿಗೆ ಪ್ರಶ್ನೆ ಏನಾದರೂ ಉಂಟಾ ಎಂದು ಕೇಳಿದರು. ಲೈನಿನಲ್ಲಿ ಹಾಳೆ ಮಡಚಿದ ಸದ್ದಾಯಿತು. ಆಮೇಲೆ ರಘುನಾಥ, "ನೋ ಕ್ವೆಶ್ಚನ್ಸ್" ಎಂದ.

ಕೊನೆಗೆ ಅಶ್ವಿತಾಳಿಗೆ ಏನಾದರೂ ಹೇಳಲಿಕ್ಕಿದೆಯಾ ಎಂದು ಕೇಳಿದರು. ಎರಡೇ ವಾಕ್ಯ ಹೇಳಿದಳು, ಆಮೇಲೆ ನನಗೆ ತಿಳಿಸಿದಳು. ರಜೆಯ ನಿಯಮ ಮುರಿದದ್ದು ನಿಜ, ಒಪ್ಪುತ್ತೇನೆ. ದುರ್ನಡತೆ ಎಂಬುದನ್ನು ಒಪ್ಪುವುದಿಲ್ಲ.

ಎಷ್ಟು ದೊಡ್ಡ ದೊಡ್ಡ ಅರ್ಥಧಾರಿಗಳ ಪಕ್ಕ ಕೂತಿದ್ದೇನೆ ಅಕ್ಕ. ಎಲ್ಲಿ ನಿಲ್ಲಿಸಬೇಕೆಂದು ಇಷ್ಟು ಸರಿಯಾಗಿ ಗೊತ್ತಿದ್ದವರನ್ನು ಕಂಡಿಲ್ಲ.

ಚೆನ್ನಯ

*

ಕಿನ್ನಿಗೋಳಿ
ಅಕ್ಟೋಬರ್ 2, 2024

ಚೆನ್ನಯ,

ನಿನ್ನ ಸೆಪ್ಟೆಂಬರ್ 8ರ ಕಾಗದ ಮತ್ತು ಮುಡಿಪು ಸೋಮವಾರ ಸಿಕ್ಕಿತು. ನಿನ್ನೆ ಮಂಗಳವಾರ ಮಿಂದು ಸ್ಥಾನಕ್ಕೆ ಹೋಗಿ ಇಟ್ಟು ಬಂದೆ. ಪರದೇಶದ ನಾಣ್ಯ ನಡೆಯುತ್ತದಾ ಎಂದು ಅಲ್ಲಿಯವರು ಕೇಳಿದರು. ತಪ್ಪು ಅಲ್ಲಿಯದೇ, ಕಾಣಿಕೆಯೂ ಅಲ್ಲಿಯದೇ ಇರಲಿ ಎಂದೆ. ನೀನು ಹೇಳಿದ ಹಾಗೆಯೇ ಹೇಳಿದ್ದೇನೆ, ತಪ್ಪು ಚೆನ್ನಯನದ್ದು. ನನ್ನ ಹೆಸರನ್ನೂ ಸೇರಿಸಿದೆ.

ಯಾಕೆಂದರೆ ನಾನೂ ಒಂದನ್ನು ಮುಚ್ಚಿಟ್ಟಿದ್ದೆ. ನಿನ್ನ ಮಾರ್ಚಿನ ಕಾಗದ ನೋಡಿದ ದಿನವೇ ನನಗೆ ಗೊತ್ತಾಗಿತ್ತು. ಐವತ್ತು ವರ್ಷದಿಂದ ನಿನ್ನ ಅಕ್ಷರ ಓದುತ್ತಿದ್ದೇನೆ. ಫೆಬ್ರವರಿಯ ನಂತರ ನಿನ್ನ ಸಾಲು ಬಲಕ್ಕೆ ಹೋದಂತೆ ಕೆಳಗೆ ಇಳಿಯುತ್ತಿದೆ, ಅಕ್ಷರದ ಕೊಂಬು ನಡುಗುತ್ತಿದೆ. ನಮ್ಮ ಅಪ್ಪನ ಕೈಯೂ ಹೀಗೆಯೇ ಆಗಿತ್ತು. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ನಿನಗೆ ನಾಚಿಕೆಯಾಗುತ್ತದೆ ಎಂದು ಗೆರೆಯ ಹಾಳೆ ಕಳಿಸಿದೆ. ಕಡಿಮೆಗೆ ಸಿಕ್ಕಿದ್ದಲ್ಲ, ಮೂಲ್ಕಿಗೆ ಹೋಗಿ ತಂದದ್ದು.

ಆದರೆ ಮೂರು ದಿನ ಮತ್ತು ನಿನ್ನ ಕೈ, ಎರಡನ್ನೂ ಕೂಡಿಸಲು ನನಗೆ ಆಗಸ್ಟ್ ಆಯಿತು. ಅಷ್ಟರವರೆಗೆ ಆ ಹುಡುಗಿಯ ಬಗ್ಗೆ ಸಣ್ಣದಾಗಿ ಯೋಚಿಸಿದೆ.

ಕೆಳಗಿನದ್ದನ್ನು ಅವಳಿಗೆ ಓದಿ ಹೇಳು.

ಅಶ್ವಿತಾ ಮಗಳೇ, ನಾವು ಇಬ್ಬರು ಮುದುಕರು ಒಬ್ಬರಿಗೊಬ್ಬರು ಹೆದರಿ ಸುಮ್ಮನಿದ್ದೆವು. ನೀನೊಬ್ಬಳೇ ಹೆದರದೆ ಸುಮ್ಮನಿದ್ದದ್ದು. ತೀರ್ಪು ಅವರು ಏನು ಬೇಕಾದರೂ ಬರೆಯಲಿ. ನಮ್ಮ ಕುಟುಂಬದಲ್ಲಿ ನಿನ್ನ ಹೆಸರಿನ ಪಕ್ಕ ಏನು ಇರಬೇಕೆಂದು ನಿನ್ನೆ ಸ್ಥಾನದಲ್ಲಿ ನಾನು ಹೇಳಿ ಬಂದಿದ್ದೇನೆ.

ಅಕ್ಕ

*

ಬ್ರ್ಯಾಂಪ್ಟನ್
ಅಕ್ಟೋಬರ್ 27, 2024

ಅಕ್ಕನಿಗೆ ಚೆನ್ನಯನ ನಮಸ್ಕಾರ.

ತೀರ್ಪು ಮೊನ್ನೆ ಬಂತು. ಹನ್ನೊಂದು ಪುಟ. ಅಶ್ವಿತಾ ಹಣದ ಪುಟ ಬಿಟ್ಟು ಒಂದೇ ಸಾಲನ್ನು ಹುಡುಕಿದಳು, ಸಿಕ್ಕಿದ ಮೇಲೆ ಲತೀಶನ ಕಡೆಗೆ ತಿರುಗಿಸಿದಳು. ಅವನು ನನಗೆ ಕನ್ನಡದಲ್ಲಿ ಓದಿದ. ಇದು ದುರ್ನಡತೆಯಲ್ಲ. ಅವಳು ಅದರ ಮೇಲೆ ಹಳದಿ ಚೀಟಿ ಅಂಟಿಸಿ ಕಡತ ಮುಚ್ಚಿದಳು. ಮುಂದಿನ ವಾರದಿಂದ ಬೇರೆ ಗೋದಾಮಿನಲ್ಲಿ ಕೆಲಸ.

ನಿಮ್ಮ ಕಾಗದವನ್ನು ನಾನು ಓದಿ ಹೇಳಲಿಲ್ಲ. ಅವಳ ಕೈಗೇ ಕೊಟ್ಟೆ. ತೆಗೆದುಕೊಂಡು ಹೋಗಿ ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ, ನನಗೆ ತಿರುಗಿ ಕೊಟ್ಟಿಲ್ಲ.

ರಘುನಾಥ ಮನೆಗೆ ಬಂದಿದ್ದ. ಅಶ್ವಿತಾ ಚಹಾ ಕೊಟ್ಟಳು, ಅವನು ಕುಡಿಯದೆ ಲೋಟ ಹಿಡಿದುಕೊಂಡೇ ಕೂತ. ಆಮೇಲೆ ನನಗೆ, "ಚೆನ್ನಯಣ್ಣ, ಪಾತ್ರ ನಿಮ್ಮದೇ. ಆದ್ರೆ ಮಾತು ಸ್ವಲ್ಪ ಸಣ್ಣ ಮಾಡಿ ಮಾರಾಯ್ರೆ" ಎಂದ. ಮುಖ್ಯ ಪಾತ್ರ ಬೇಡ, ಸೋಲುವವನ ಪಾತ್ರ ಕೊಡು ಎಂದೆ. ನಿನ್ನೆ ತಾಳಮದ್ದಳೆಯಲ್ಲಿ ಅದನ್ನೇ ಹೇಳಿದೆ. ಎರಡು ಕಡೆ ನಾಲಿಗೆ ತಡವರಿಸಿತು. ಎದುರಿನವನು ಕಾದ, ಸಭೆಯೂ ಕಾಯಿತು. ಕೊನೆಯ ಪ್ರಶ್ನೆಗೆ ಉತ್ತರವಿದ್ದರೂ ಹೇಳದೆ ಸುಮ್ಮನೆ ಕೂತೆ. ಅದು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ಯಾರಿಂದ ಕಲಿತದ್ದೆಂದು ಮೂರನೇ ಸಾಲಿನಲ್ಲಿ ಕೂತವಳಿಗೆ ಮಾತ್ರ ಗೊತ್ತು.

ಗೆರೆಯ ಹಾಳೆ ಇದರೊಂದಿಗೆ ಮುಗಿಯಿತು. ಇನ್ನೂ ಹನ್ನೆರಡು ಕಳಿಸಿ ಅಕ್ಕ. ಗೆರೆ ಸ್ವಲ್ಪ ಅಗಲ ಇರಲಿ.

ಚೆನ್ನಯ